ರಂಜಕವನ್ನು ಕೂಡಿಡುವ ಸೂಕ್ಷ್ಮಜೀವಿಗಳು

ನಂಜನಗೂಡಿನ ಸ್ನಾನಘಟ್ಟದ ಮುಂದೆ ಹರಿಯುವ ಕಪಿಲಾ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವುದನ್ನು ಅರಿಯದವರು ವಿರಳ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪ್ರಕಟಿಸಿದ ಕಲುಷಿತ ನದೀಭಾಗಗಳ ಪಟ್ಟಿಯಲ್ಲಿ ಈ ಹೊಳೆಯ ನಂಜನಗೂಡು–ಹೆಜ್ಜಿಗೆ ಭಾಗವೂ ಸೇರಿತ್ತು. ನೀರಿನಲ್ಲಿ ಕೊಳೆಯುವ ಪದಾರ್ಥಗಳು ಎಷ್ಟು ಆಮ್ಲಜನಕವನ್ನು ಬೇಡುತ್ತವೆ ಎಂಬುದೇ ಆ ಪಟ್ಟಿಗೆ ಅಳತೆಗೋಲು. ಆದರೆ ಈ ಅಳತೆಗೆ ಸಿಕ್ಕದ ವಸ್ತುವೊಂದು ಕೊಳಚೆ ನೀರಿನಲ್ಲಿದೆ. ಅದೇ ರಂಜಕ, ಅಂದರೆ ಫಾಸ್ಫರಸ್.

ಮಲಮೂತ್ರಗಳಿಂದಲೂ ಕೆಲವು ಮಾರ್ಜಕಗಳಿಂದಲೂ ಬರುವ ಇದು ಫಾಸ್ಫೇಟಿನ ರೂಪದಲ್ಲಿ ನೀರಿನಲ್ಲಿ ಕರಗಿರುತ್ತದೆ. ಒಂದು ಗ್ರಾಂ ರಂಜಕವು ಒಣತೂಕದಲ್ಲಿ ಸುಮಾರು ನೂರು ಗ್ರಾಂ ಪಾಚಿಯನ್ನು ಬೆಳೆಸಬಲ್ಲುದು! ಆ ಪಾಚಿ ಸತ್ತು ಕೊಳೆತಾಗ ಮೀನುಗಳಿಗೆ ಬೇಕಾದ ಆಮ್ಲಜನಕವು ಮತ್ತೆ ವ್ಯಯವಾಗುತ್ತದೆ. ಕೊಳಚೆಯ ಇಂಗಾಲ, ಸಾರಜನಕಗಳನ್ನು ಅನಿಲವಾಗಿಸಿ ಗಾಳಿಗೆ ಬಿಡಬಹುದು. ರಂಜಕಕ್ಕೆ ಆ ದಾರಿಯಿಲ್ಲ. ಅದನ್ನು ಗಟ್ಟಿಯಾಗಿಯೇ ಹೊರತೆಗೆಯಬೇಕು. ಸ್ಫಟಿಕದಂಥ ಲವಣಗಳನ್ನು ಬೆರೆಸಿದರೆ ಅದು ತಳಕ್ಕಿಳಿಯುವುದೇನೋ ನಿಜ. ಆದರೆ ವೆಚ್ಚವೂ ಕೆಸರೂ ಹೆಚ್ಚುತ್ತವೆ.

ಇನ್ನೊಂದು ದಾರಿಯ ಸುಳಿವು ದೊರೆತದ್ದು ನಮ್ಮ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಇ. ಜಿ. ಶ್ರೀನಾಥ್, ಸಿ. ಎ. ಶಾಸ್ತ್ರಿ, ಎಸ್. ಸಿ. ಪಿಳ್ಳೈ ಅವರು, ಸೂಕ್ಷ್ಮಜೀವಿಗಳು ತುಂಬಿದ ಕೆಸರನ್ನು ಕೊಳಚೆಯೊಡನೆ ಬೆರೆಸಿ ಗಾಳಿಯೂದಿದಾಗ ರಂಜಕವು ಶೀಘ್ರವಾಗಿ ನೀರಿನಿಂದ ಮಾಯವಾಗುವುದನ್ನು 1959ರಲ್ಲಿ ವರದಿ ಮಾಡಿದರು. ಈ ಸಂಗತಿ ನಮ್ಮ ವಿದ್ಯಾರ್ಥಿಗಳಿಗೇ ಹೆಚ್ಚು ತಿಳಿಯದಿರುವುದು ವಿಷಾದಕರ.

ಇದರ ಒಳಗುಟ್ಟನ್ನು ಮುಂದಿನ ಸಂಶೋಧನೆಗಳು ಬಿಡಿಸಿದವು. ಮೊದಲನೆಯ ತೊಟ್ಟಿಯಲ್ಲಿ ಗಾಳಿಯಿರುವುದಿಲ್ಲ. ಅಲ್ಲಿ ಕೆಲವು ಸೂಕ್ಷ್ಮಜೀವಿಗಳು ತಮ್ಮೊಳಗೆ ಸರಪಳಿಯಂತೆ ಕೂಡಿಟ್ಟ ಫಾಸ್ಫೇಟನ್ನು ಒಡೆದು ಶಕ್ತಿಯನ್ನು ಪಡೆಯುತ್ತವೆ. ಆ ಶಕ್ತಿಯಿಂದ ಕೊಳಚೆಯಲ್ಲಿರುವ, ವಿನಿಗರಿನ ಹುಳಿಯಂಥ ಆಮ್ಲಗಳನ್ನು ಹೀರಿ ಆಹಾರವಾಗಿ ದಾಸ್ತಾನು ಮಾಡುತ್ತವೆ. ಒಡೆದ ಫಾಸ್ಫೇಟು ನೀರಿಗೆ ಸೇರುತ್ತದೆ. ಆಗ ನೀರನ್ನು ಪರೀಕ್ಷಿಸಿದರೆ ರಂಜಕವು ಮೊದಲಿಗಿಂತ ಹೆಚ್ಚಾಗಿಯೇ ಕಾಣುತ್ತದೆ! ಎರಡನೆಯ ತೊಟ್ಟಿಯಲ್ಲಿ ಗಾಳಿಯೂದಿದೊಡನೆ ಈ ಜೀವಿಗಳು ದಾಸ್ತಾನಿನ ಆಹಾರವನ್ನು ಉರಿಸಿ, ಬಿಟ್ಟುಕೊಟ್ಟದ್ದಕ್ಕಿಂತ ಹೆಚ್ಚು ಫಾಸ್ಫೇಟನ್ನು ಒಳಗೆಳೆದುಕೊಳ್ಳುತ್ತವೆ. ಸಾಮಾನ್ಯ ಕೆಸರಿನ ಒಣತೂಕದಲ್ಲಿ ರಂಜಕವು ಶೇಕಡ 2ರಷ್ಟಿದ್ದರೆ, ಇಲ್ಲಿ 5ನ್ನೂ ಮೀರಬಹುದು.

ತಿಳಿಯಾದ ನೀರು ಹೊರಗೆ ಹೋಗುತ್ತದೆ. ತಳದ ಕೆಸರಿನಲ್ಲಿ ಒಂದು ಪಾಲನ್ನು ಮೊದಲನೆಯ ತೊಟ್ಟಿಗೆ ಮರಳಿಸಿ, ಮಿಕ್ಕದ್ದನ್ನು ತಡಮಾಡದೆ ತೆಗೆಯಬೇಕು. ಗಾಳಿಯಿಲ್ಲದೆ ಬಿದ್ದಿದ್ದರೆ ಅದು ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಪಟ್ಟ ಶ್ರಮವೆಲ್ಲ ವ್ಯರ್ಥ. ರಂಜಕದ ಗೊಬ್ಬರಕ್ಕೆ ಬೇಕಾದ ಕಲ್ಲನ್ನು ಬಹುಪಾಲು ಪರದೇಶಗಳಿಂದ ತರಿಸುವ ನಮಗೆ ಈ ಕೆಸರು ಬೆಲೆಯುಳ್ಳದ್ದೇ. ಆದರೆ ನಂಜನಗೂಡಿನಂತೆ ಕಾರ್ಖಾನೆಗಳಿರುವ ಊರಿನಲ್ಲಿ, ಅದರೊಳಗಿನ ಭಾರಲೋಹಗಳನ್ನು ಪರೀಕ್ಷಿಸದೆ ಗದ್ದೆಗೆ ಹಾಕುವಂತಿಲ್ಲ.