ಒಣಗಿಸಿ, ಕೂಡಿಟ್ಟು, ಕಾದು ಮಾರಿದರೆ: ಒಡೆಯರಪಾಳ್ಯ ಸೀಮೆಯ ಜೋಳ, ರಾಗಿ, ಅರಿಶಿನ

2020ರ ಮಾರ್ಚ್ 25ರಂದು ದೇಶವಿಡೀ ಲಾಕ್‌ಡೌನ್ ಜಾರಿಯಾದಾಗ ಚಾಮರಾಜನಗರ ಜಿಲ್ಲೆಗೆ ಕೋವಿಡ್ ಕಾಲಿಟ್ಟಿರಲಿಲ್ಲ. ಜೂನ್ ಆರಂಭದವರೆಗೂ ಜಿಲ್ಲೆ ಹಸಿರು ವಲಯದಲ್ಲೇ ಇತ್ತು. ರೋಗ ಬಾರದಿದ್ದರೂ ಬೆಲೆ ಕುಸಿತ ಬಂತು. ಕೋಳಿ ತಿಂದರೆ ಸೋಂಕು ತಗಲುತ್ತದೆ ಎಂಬ ಸುಳ್ಳು ಸುದ್ದಿ, ಅದೇ ಮಾರ್ಚ್‌ನಲ್ಲಿ ಮೈಸೂರಿನಲ್ಲಿ ಕಂಡ ಹಕ್ಕಿಜ್ವರ, ಎರಡೂ ಸೇರಿ ಕೋಳಿ ವ್ಯಾಪಾರ ನೆಲಕಚ್ಚಿತು. ಕೋಳಿ ಆಹಾರಕ್ಕೆ ಹೋಗುವ ಮುಸುಕಿನ ಜೋಳವನ್ನು ಕೇಳುವವರೇ ಇಲ್ಲವಾದರು. ಕ್ವಿಂಟಲ್‌ಗೆ 1,760 ರೂಪಾಯಿ ಬೆಂಬಲ ಬೆಲೆ ಕಾಗದದಲ್ಲೇ ಉಳಿಯಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಜೋಳ ಬೆಳೆದವರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು.

ಜಿಲ್ಲೆಯ ಹನೂರು ತಾಲ್ಲೂಕಿನ ಒಡೆಯರಪಾಳ್ಯ, ಲೊಕ್ಕನಹಳ್ಳಿ ಸುತ್ತಿನಲ್ಲಿ ಈ ತೊಂದರೆ ಇನ್ನಷ್ಟು ಬಿಗಿ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಧಾಮ. ಸರಕು ಸಾಗುವ ದಾರಿಗಳು ಬೆರಳೆಣಿಕೆಯಷ್ಟು. ಈರೋಡಿನ ಅರಿಶಿನ ಮಾರುಕಟ್ಟೆ, ತಮಿಳುನಾಡಿನ ಕೋಳಿ ಫಾರಂಗಳು ಗಡಿಯಾಚೆ. ಗಡಿ ಮುಚ್ಚಲು ಸಾಂಕ್ರಾಮಿಕವೇ ಬೇಕೆಂದಿಲ್ಲ: 2022ರ ಫೆಬ್ರವರಿಯಿಂದ ತಮಿಳುನಾಡಿಗೆ ಹೋಗುವ ದಾರಿಯ ದಿಂಬಂ ಘಾಟ್‌ನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ದಾರಿಯನ್ನು ರೈತ ತೆರೆಸಲಾರ. ಬೆಳೆಯನ್ನು ಕೆಡದಂತೆ ಇಟ್ಟುಕೊಂಡು ಕಾಯುವುದು ಮಾತ್ರ ಅವನ ಕೈಯಲ್ಲಿದೆ.

ಕಾಯಬೇಕಾದರೆ ಕಾಳು ಒಣಗಿರಬೇಕು. ಕೊಯ್ಲಿನ ಹೊತ್ತಿಗೆ ಜೋಳದಲ್ಲಿ ಶೇ 20ರಿಂದ 25ರಷ್ಟು ತೇವವಿರುತ್ತದೆ. ಬೆಂಬಲ ಬೆಲೆ ಖರೀದಿಗೆ ಶೇ 14 ದಾಟುವಂತಿಲ್ಲ. ತಿಂಗಳುಗಟ್ಟಲೆ ಇಡುವುದಾದರೆ ಶೇ 12ಕ್ಕೆ ಇಳಿಯಬೇಕು. ಇಲ್ಲವಾದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ, ಅಂಥ ಕಾಳನ್ನು ಕೋಳಿಗೂ ಹಾಕುವಂತಿಲ್ಲ. ತೇವಮಾಪಕ ಇಲ್ಲದವರಿಗೆ ಉಪ್ಪಿನ ಪರೀಕ್ಷೆ ಸಾಕು. ಒಣಗಿದ ಗಾಜಿನ ಸೀಸೆಗೆ ಎರಡು ಮೂರು ಚಮಚ ಪುಡಿ ಉಪ್ಪು ಹಾಕಿ, ಮೂರನೇ ಒಂದು ಭಾಗದಷ್ಟು ಕಾಳು ತುಂಬಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಬೇಕು. ಸೀಸೆಯ ಒಳಗೋಡೆಗೆ ಉಪ್ಪು ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೂ ದಾಸ್ತಾನಿಗೆ ಇನ್ನೂ ಒಂದೆರಡು ಬಿಸಿಲು ಕೊಡುವುದು ಒಳ್ಳೆಯದು. ಟಾರ್ಪಲ್ ಮೇಲೆ ತೆಳುವಾಗಿ ಹರಡಿ, ಸಂಜೆ ರಾಶಿ ಮಾಡಿ ಮುಚ್ಚಬೇಕು. ಡಾಂಬರು ರಸ್ತೆಯ ಒಣಗಿಕೆ ಸುಲಭ ಎನಿಸಿದರೂ ಕಾಳು ಒಡೆದು, ಕಲ್ಲು ಬೆರೆತು ದರ ಇಳಿಯುತ್ತದೆ.

ಒಣಗಿದ ಕಾಳನ್ನು ಗಾಳಿಯಾಡದ ಪದರದ ಚೀಲಗಳಲ್ಲಿ ಕಟ್ಟಿದರೆ ಉಸಿರುಗಟ್ಟಿ ಹುಳು ಸಾಯುತ್ತದೆ, ಔಷಧಿ ಬೇಡ. ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಜೋಡಿಸಬೇಕು. ಕಾಡಂಚಿನ ಒಂಟಿ ಮನೆಗಳಲ್ಲಿ ದಾಸ್ತಾನು ಇಡುವುದು ಆನೆಯನ್ನು ಕರೆದಂತೆ. ಊರೊಳಗಿನ ಗೋದಾಮೇ ಮೇಲು. ನೋಂದಾಯಿತ ಉಗ್ರಾಣವಾದರೆ ಅದರ ರಸೀದಿ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಕೈಸಾಲ ತೀರಿಸಲು ಸಿಕ್ಕ ದರಕ್ಕೆ ಮಾರುವುದು ಆಗ ತಪ್ಪುತ್ತದೆ.

ರಾಗಿಯ ವಿಷಯದಲ್ಲಿ ಹಿಂದಿನವರು ಹೆಚ್ಚು ಜಾಣರು. ಎತ್ತರದ ಒಣ ಜಾಗದಲ್ಲಿ ಹಗೇವು ತೋಡಿ, ಹುಲ್ಲು ಹಾಸಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇವಿನೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಅದು ಆರದಿದ್ದರೆ ಮಾತ್ರ ಇಳಿಯುವ ರೂಢಿ ಅದಕ್ಕಾಗಿಯೇ. ಈಗ ಹಗೇವು ತೋಡಬೇಕಿಲ್ಲ, ತಗಡಿನ ಕಣಜ ಸಾಕು. ಆದರೆ ಇಡೀ ಹೊಲಕ್ಕೆ ಜೋಳ ಹಾಕದೆ, ಮನೆಯೂಟದಷ್ಟಾದರೂ ರಾಗಿಯನ್ನು ಅವರೆ, ಹುಚ್ಚೆಳ್ಳಿನ ಅಕ್ಕಡಿಯೊಂದಿಗೆ ಉಳಿಸಿಕೊಳ್ಳಬೇಕು. ಹೈಬ್ರಿಡ್ ಜೋಳದ ಬೀಜ ಪ್ರತಿ ಬಾರಿ ಅಂಗಡಿಯಿಂದಲೇ ಬರಬೇಕು. ರಾಗಿ ಬೀಜ ಮನೆಯಲ್ಲೇ ಇರುತ್ತದೆ.

ಅರಿಶಿನಕ್ಕೆ ಕಾಯುವ ಗುಣ ಹುಟ್ಟಿನಿಂದಲೇ ಇದೆ. 100 ಕಿಲೋ ಹಸಿ ಗೆಡ್ಡೆ 45ರಿಂದ 60 ನಿಮಿಷ ಬೆಂದು, 10-15 ದಿನ ಒಣಗಿದರೆ ಸುಮಾರು 20 ಕಿಲೋ ಒಣ ಅರಿಶಿನವಾಗುತ್ತದೆ. ಬೇಯಿಸುವ ಬಾಯ್ಲರ್, ಪಾಲಿಷ್ ಯಂತ್ರ, ಪುಡಿ ಗಿರಣಿಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಶೇ 35 ಸಹಾಯಧನವಿದೆ. ರಾಜ್ಯದ ಪಾಲು ಸೇರಿ ಅದು ಶೇ 50ಕ್ಕೆ ಏರುತ್ತದೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ದಡಿ ಚಾಮರಾಜನಗರಕ್ಕೆ ಗುರುತಿಸಿದ ಬೆಳೆ ಅರಿಶಿನವೇ.

ಹತ್ತು ಕ್ವಿಂಟಲ್ ಇರುವ ರೈತನ ಮಾತನ್ನು ದಲ್ಲಾಳಿ ಕೇಳುವುದಿಲ್ಲ. ಹತ್ತು ಮಂದಿ ಸೇರಿ ಒಂದು ಲಾರಿ ತುಂಬಿಸಿದರೆ ಫೋನು ಅತ್ತಲಿಂದ ಬರುತ್ತದೆ. ಮಾದರಿ ಪಕ್ಕದಲ್ಲೇ ಇದೆ: 1970ರ ದಶಕದಿಂದ ಒಡೆಯರಪಾಳ್ಯದಲ್ಲಿರುವ ಧೊಂಡೆನ್‌ಲಿಂಗ್ ಟಿಬೆಟಿಯನ್ ನೆಲೆಯ ಬೇಸಾಯ ಬೆಳೆದದ್ದು ಸಹಕಾರ ಸಂಘದ ಆಸರೆಯಲ್ಲೇ. ರೈತ ಉತ್ಪಾದಕ ಕಂಪನಿ ಕಟ್ಟುವ ಬಗ್ಗೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಇನ್ನೊಂದು ಕೆಲಸ ಪುಕ್ಕಟೆ. ಪರಿಹಾರವಿರಲಿ, ಬೆಂಬಲ ಬೆಲೆಯಿರಲಿ, ಬೆಳೆ ಸಮೀಕ್ಷೆಯ ದಾಖಲೆ ನೋಡಿಯೇ ಹಣ ಬಿಡುಗಡೆಯಾಗುವುದು. ಪ್ರತಿ ಹಂಗಾಮಿನಲ್ಲೂ ಬೆಳೆಯ ಚಿತ್ರ ಸಮೀಕ್ಷೆಯ ಆ್ಯಪ್‌ನಲ್ಲಿ ಸೇರಿದೆಯೇ, ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆಗೆ ಎಲ್ಲ ಸರ್ವೆ ನಂಬರ್ ಜೋಡಣೆಯಾಗಿದೆಯೇ ಎಂಬುದನ್ನು ಕೊಯ್ಲಿಗೆ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಕೊಳ್ಳಬೇಕು.