ಮಾತ್ರೆಯ ಜೊತೆಗೇ ಕೊಡಬೇಕಾದ ತಿಳಿವಳಿಕೆ

ಕ್ಷಯದ ಚಿಕಿತ್ಸೆ ನನಗೆ ಮನವರಿಕೆ ಮಾಡಿಕೊಟ್ಟ ಸಂಗತಿ ಒಂದೇ: ಔಷಧಿಯ ಅಡ್ಡಪರಿಣಾಮಗಳನ್ನು ರೋಗಿಗೆ ಮೊದಲ ದಿನವೇ ಬಿಡಿಸಿ ಹೇಳಬೇಕು. ಹಿಂದೆ ಕ್ಷಯರೋಗಿಗಳನ್ನು ಸ್ಯಾನಿಟೋರಿಯಂ ಎಂಬ ಆಸ್ಪತ್ರೆಗಳಲ್ಲಿ ಇರಿಸುತ್ತಿದ್ದರು. ಮನೆಯಲ್ಲೇ ಮಾತ್ರೆ ನುಂಗಿದರೂ ಅಷ್ಟೇ ಚೆನ್ನಾಗಿ ಗುಣವಾಗುತ್ತದೆ ಎಂದು ಮದ್ರಾಸಿನ ಅಧ್ಯಯನವೊಂದು 1959ರಲ್ಲಿ ತೋರಿಸಿಕೊಟ್ಟಿತು. ಬಡವರ ಪಾಲಿಗೆ ಅದು ದೊಡ್ಡ ಉಪಕಾರ. ಆದರೆ ಚಿಕಿತ್ಸೆ ಮನೆಗೆ ಬಂದಾಗ, ದಿನವೂ ಗಮನಿಸುತ್ತಿದ್ದ ದಾದಿಯ ಕೆಲಸವೂ ರೋಗಿಯ ಮತ್ತು ಮನೆಯವರ ಹೆಗಲಿಗೇ ಬಿತ್ತು. ಏನನ್ನು ಗಮನಿಸಬೇಕೆಂದು ಹೇಳಿಕೊಡದೆ ಆ ಹೊಣೆ ಹೊರಿಸುವುದು ನ್ಯಾಯವಲ್ಲ.

ಹೇಳಿದರೆ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ ಎನ್ನುವವರಿದ್ದಾರೆ. ಆದರೆ ಹೇಳದಿದ್ದರೇ ಹೆದರಿಕೆ ಹೆಚ್ಚು. ಕ್ಷಯದ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ಶುರುವಾದೊಡನೆ ಮೂತ್ರ ಕೆಂಪು-ಕಿತ್ತಳೆಯಾಗುತ್ತದೆ, ಕಣ್ಣೀರಿಗೂ ಆ ಬಣ್ಣ ಬರಬಹುದು, ಅಪಾಯವಿಲ್ಲ. ಗೊತ್ತಿಲ್ಲದವರು ಅದನ್ನು ರಕ್ತವೆಂದು ತಿಳಿದರೆ ಮಾತ್ರೆ ಅಂದೇ ನಿಂತೀತು. ಅದೇ ಬಣ್ಣ ಇನ್ನೊಂದು ತೊಡಕನ್ನೂ ತರುತ್ತದೆ. ಕ್ಷಯದ ಔಷಧಿಗಳಾದ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಯಕೃತ್ತಿಗೆ ಪೆಟ್ಟು ಕೊಡಬಲ್ಲವು. ಮೂತ್ರ ಮೊದಲೇ ಬಣ್ಣಗಟ್ಟಿರುವುದರಿಂದ ಅದನ್ನು ನೋಡಿ ಕಾಮಾಲೆ ಹಿಡಿಯುವುದು ಕಷ್ಟ. ಕಣ್ಣಿನ ಬಿಳಿಭಾಗ ಹಳದಿಯಾಯಿತೇ, ಊಟ ಸೇರುತ್ತಿಲ್ಲವೇ, ವಾಂತಿ ನಿಲ್ಲುತ್ತಿಲ್ಲವೇ ಎಂದು ನೋಡಬೇಕು. ಕಾಮಾಲೆ ಎಂದರೆ ನಾಟಿ ಔಷಧಿಗೆ ಓಡುವ ರೂಢಿ ನಮ್ಮಲ್ಲಿದೆ; ಇಲ್ಲಿ ಹಾಗೆ ಓಡಿ, ಮಾತ್ರೆಯನ್ನೂ ಮುಂದುವರಿಸಿದರೆ ಜೀವಕ್ಕೇ ಕುತ್ತು.

ಎಲ್ಲವನ್ನೂ ಹೇಳಿದರೆ ಇಲ್ಲದ ಲಕ್ಷಣವೂ ಕಾಣತೊಡಗುತ್ತದೆ, ಆರೋಗ್ಯ ಕೇಂದ್ರದಲ್ಲಿ ಅಷ್ಟು ಹೊತ್ತೂ ಇಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಾಗಿಯೇ ಸಹಿಸಬಹುದಾದದ್ದು ಯಾವುದು, ತಡಮಾಡಬಾರದ್ದು ಯಾವುದು ಎಂಬ ವ್ಯತ್ಯಾಸವನ್ನಾದರೂ ಹೇಳಲೇಬೇಕು. ಕೀಲುನೋವು ಬಹುಪಾಲು ಪೈರಾಜಿನಮೈಡ್‌ನದು, ಅದು ಸಾಮಾನ್ಯವಾಗಿ ಎರಡೇ ತಿಂಗಳ ಔಷಧಿ. ಕೈಕಾಲು ಜುಮ್ಮೆನ್ನುವುದಕ್ಕೆ ಪಿರಿಡಾಕ್ಸಿನ್ ಎಂಬ ವಿಟಮಿನ್ ಇದೆ. ಆದರೆ ಇನ್ನೊಂದು ಔಷಧಿಯಾದ ಎಥಾಂಬ್ಯುಟಾಲ್ ನುಂಗುವವರಿಗೆ ದೃಷ್ಟಿ ಮಂಜಾದರೆ, ಕೆಂಪು-ಹಸಿರು ಬೇರೆಯಾಗಿ ಕಾಣದಿದ್ದರೆ ಮರುದಿನಕ್ಕೂ ಕಾಯಬಾರದು. ಯಕೃತ್ತು ಕೆಟ್ಟರೂ ಚಿಕಿತ್ಸೆ ಅಲ್ಲಿಗೆ ಮುಗಿಯುವುದಿಲ್ಲ: ವೈದ್ಯರು ಔಷಧಿ ನಿಲ್ಲಿಸಿ, ರಕ್ತಪರೀಕ್ಷೆ ಸರಿಹೋದ ಮೇಲೆ ಒಂದೊಂದಾಗಿ ಮತ್ತೆ ಶುರುಮಾಡುತ್ತಾರೆ. ಇದು ತಿಳಿಯದವರು ತಾವಾಗಿಯೇ ನಿಲ್ಲಿಸಿ ಸುಮ್ಮನಾಗುತ್ತಾರೆ, ಇಲ್ಲವೇ ಬೇಕೆನಿಸಿದ್ದನ್ನು ಮಾತ್ರ ನುಂಗುತ್ತಾರೆ. ಔಷಧಕ್ಕೆ ಬಗ್ಗದ ಕ್ಷಯ ಬೆಳೆಯುವುದಕ್ಕೆ ಅದೂ ಒಂದು ದಾರಿ, ಅದರ ಚಿಕಿತ್ಸೆ ಇನ್ನೂ ಕಠಿಣ. ಮನೆಗೆ ಬರುವ ಆಶಾ ಕಾರ್ಯಕರ್ತೆ ‘ಮಾತ್ರೆ ತಗೊಂಡ್ರಾ?’ ಎಂದು ಕೇಳುವಾಗಲೇ ‘ವಾಂತಿ ಇದೆಯಾ, ಕಣ್ಣು ಸರಿಯಾಗಿ ಕಾಣ್ತಿದೆಯಾ?’ ಎಂದೂ ಕೇಳಬಹುದು. ಅದಕ್ಕೆ ಬೇಕಾದ ತರಬೇತಿಯನ್ನು ಆರೋಗ್ಯ ಇಲಾಖೆ ಕೊಡಲಿ.