ಮಾಲೆ ಹಾಕಿದವರ ಕಾರಿಗೆ ಒಂದು ಟೂಲ್‌ಕಿಟ್



ಸ್ವಾಮಿಗಳೇ, ಈ ಸರಣಿಯಲ್ಲಿ ಇಲ್ಲಿಯವರೆಗೆ ವ್ರತದ ನೇಮ, ಇರುಮುಡಿ, ದರ್ಶನದ ಬುಕಿಂಗ್ ಬಗ್ಗೆ ಹಿರಿಯರು ಬರೆದಿದ್ದಾರೆ. ಕಾರಿನ ವಿಷಯ ನನ್ನ ಪಾಲಿಗೆ ಬಂದಿದೆ. ನಾನು ಮೆಕ್ಯಾನಿಕ್ ಅಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿ ಆಫೀಸೊಂದರಲ್ಲಿ ಕಂಪ್ಯೂಟರ್ ಸಪೋರ್ಟ್ ಕೆಲಸ ಮಾಡುವವನು. ಕೆಟ್ಟು ನಿಂತ ಯಂತ್ರದ ಮುಂದೆ ಗಾಬರಿಯಾಗದೆ ಕೂರುವುದೇ ನನ್ನ ನೌಕರಿ. ಆ ಒಂದು ಅರ್ಹತೆಯ ಮೇಲೆ ಬರೆಯುತ್ತಿದ್ದೇನೆ.

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಲಿಂಗಂಪಲ್ಲಿ, ಚಂದಾನಗರ, ನಲ್ಲಗಂಡ್ಲದ ಸುತ್ತ ಬಾಡಿಗೆಗೆ ಇರುವ ನಮ್ಮ ಗುಂಪಿನ ಹುಡುಗರಲ್ಲಿ ನಾಲ್ಕೈದು ಜನ ಸೇರಿ ಒಬ್ಬರ ಕಾರಿನಲ್ಲಿ ಹೊರಡುವುದು ಈಗ ಮಾಮೂಲಾಗಿದೆ. ಗಚ್ಚಿಬೌಲಿಯಲ್ಲಿ ಔಟರ್ ರಿಂಗ್ ರೋಡ್ ಹತ್ತಿ ಶಂಷಾಬಾದ್‌ನಲ್ಲಿ ಇಳಿದರೆ ರಾಷ್ಟ್ರೀಯ ಹೆದ್ದಾರಿ 44 ಸಿಗುತ್ತದೆ. ಕರ್ನೂಲು, ಅನಂತಪುರ, ಬೆಂಗಳೂರು, ಸೇಲಂ ದಾಟಿ ದಿಂಡಿಗಲ್‌ವರೆಗೂ ಅದೇ ರಸ್ತೆ. ಆಮೇಲೆ ಥೇಣಿ, ಕುಮಳಿ, ಘಾಟಿ ಇಳಿದರೆ ಮುಂಡಕ್ಕಯಂ, ಎರುಮೇಲಿ, ಕೊನೆಗೆ ನಿಲಕ್ಕಲ್. ಒಂದು ಕಡೆಗೇ ಸಾವಿರ ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ರಾತ್ರಿಯ ಓಟ.

ಅಂಗಡಿಯಲ್ಲಿ ಸಿದ್ಧ ‘ಎಮರ್ಜೆನ್ಸಿ ಕಿಟ್’ ಸಿಗುತ್ತದೆ. ಅದು ಪ್ಯಾಂಟು ಶೂ ಹಾಕಿಕೊಂಡು ಆಫೀಸಿಗೆ ಹೋಗಿ ಬರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಾವು ಹೋಗುವ ರೀತಿಯೇ ಬೇರೆ. ಮೈಮೇಲೆ ಕಪ್ಪು ಬಟ್ಟೆ, ಕಾಲು ಬರಿದು, ಡಿಕ್ಕಿ ತುಂಬ ಸಾಮಾನು, ಜೊತೆಗೆ ನೆಲಕ್ಕೆ ಇಡಬಾರದ ಇರುಮುಡಿ. ನಾವು ಬೆಟ್ಟ ಹತ್ತಿ ಬರುವವರೆಗೆ ಕಾರು ಒಂದೆರಡು ದಿನ ಸುಮ್ಮನೆ ನಿಂತಿರುತ್ತದೆ. ಚೀಲ ಕಟ್ಟುವಾಗ ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು.

ಕಪ್ಪು ಬಟ್ಟೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಜೀವ ಹೋಗುವುದು ಅಲ್ಲಿ. ರಾತ್ರಿ ಎರಡು ಗಂಟೆಗೆ ಗುತ್ತಿಯ ಹತ್ತಿರ ಟೈರ್ ಪಂಕ್ಚರ್ ಆಯಿತು ಅಂದುಕೊಳ್ಳಿ. ಕಪ್ಪು ಪಂಚೆ, ಕಪ್ಪು ಶರ್ಟು, ಕಪ್ಪು ಶಲ್ಯದ ನಾಲ್ಕು ಜನ ಕಾರಿನ ಹಿಂದೆ ಬಗ್ಗಿ ನಿಂತಿದ್ದಾರೆ. ಹಿಂದಿನಿಂದ ಬರುವ ಲಾರಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 22 ಮೀಟರ್ ಬರುತ್ತದೆ. ಡ್ರೈವರ್ ನಮ್ಮನ್ನು ಕಂಡು, ಕಾಲು ಬ್ರೇಕಿಗೆ ಹೋಗಿ, ಲಾರಿ ನಿಲ್ಲಲು 50 ಮೀಟರ್ ಏನೇನೂ ಸಾಲದು. ಕತ್ತಲಲ್ಲಿ ಕಪ್ಪು ಬಟ್ಟೆಯವರು ಅಷ್ಟು ದೂರದಿಂದ ಕಾಣುವುದೇ ಕಷ್ಟ.

ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲನೆಯದು ಪಾನಾ ಅಲ್ಲ, ಜಾಕ್ ಅಲ್ಲ. ರಸ್ತೆ ಕೆಲಸದವರು ಹಾಕುತ್ತಾರಲ್ಲ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್, ಅದು ಎರಡು. ಅವು ಡಿಕ್ಕಿಯಲ್ಲಿ ಇದ್ದರೆ ಪ್ರಯೋಜನವಿಲ್ಲ. ಮುಂದಿನ ಸೀಟಿನ ಬೆನ್ನ ಜೇಬಿನಲ್ಲಿರಲಿ, ಕೆಳಗೆ ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಮಾಲೆಯ ಮೇಲೆ ಬೇರೆ ಬಣ್ಣ ಹಾಕಬಹುದಾ ಅಂತ ನಮ್ಮಲ್ಲಿ ಒಬ್ಬ ಕನ್ನಿಸ್ವಾಮಿ ಕೇಳಿದರು. ಗುರುಸ್ವಾಮಿ ಹೇಳಿದ್ದು ಇಷ್ಟೇ: “ಚಳಿಗೆ ಸ್ವೆಟರ್ ಹಾಕ್ಕೋತೀರಲ್ಲ ಸ್ವಾಮಿ, ಇದೂ ಹಂಗೇ ಅಂತ ತಿಳೀರಿ.”

ಎರಡನೆಯದು ಕೆಂಪು ತ್ರಿಕೋನ. ಹೊಸ ಕಾರುಗಳ ಜೊತೆ ಬಂದಿರುತ್ತದೆ, ಎಷ್ಟೋ ಜನ ಅದರ ಪ್ಲಾಸ್ಟಿಕ್ ಕವರನ್ನೇ ಬಿಚ್ಚಿರುವುದಿಲ್ಲ. ನಾಲ್ಕೂ ಇಂಡಿಕೇಟರ್ ಹಾಕಿ, ಜಾಕೆಟ್ ತೊಟ್ಟವರು ಒಬ್ಬರೇ ರಸ್ತೆಯ ಅಂಚಿನಲ್ಲಿ ಹಿಂದಕ್ಕೆ ನಡೆದು ಇಟ್ಟು ಬರಬೇಕು. ತ್ರಿಕೋನವನ್ನು ಎದೆಯ ಮುಂದೆ ಹಿಡಿದು ನಡೆಯಿರಿ. 50 ಮೀಟರ್ ಅಂದರೆ ಹೆಚ್ಚುಕಡಿಮೆ 70 ಹೆಜ್ಜೆ. ಹೆದ್ದಾರಿಯಲ್ಲಿ ಇನ್ನೂ ದೂರವಾದರೆ ಇನ್ನೂ ಒಳ್ಳೆಯದು. ಘಾಟಿಯ ತಿರುವಿನಲ್ಲಿ ಹೆಜ್ಜೆಯ ಲೆಕ್ಕ ಬಿಡಿ, ತಿರುವಿಗೂ ಹಿಂದೆ ಇಡಿ, ಇಲ್ಲದಿದ್ದರೆ ತಿರುಗಿದ ಮೇಲೆ ಕಾಣುತ್ತದೆ, ಅಷ್ಟರಲ್ಲಿ ಮುಗಿದಿರುತ್ತದೆ. ಉಳಿದವರೆಲ್ಲ ಎಡಗಡೆಯ ಬಾಗಿಲಿನಿಂದ ಇಳಿದು ರಸ್ತೆ ಬದಿಯ ಕಬ್ಬಿಣದ ತಡೆಯ ಆಚೆ ನಿಲ್ಲಲಿ. ಕಾರಿನೊಳಗೆ ಮಲಗಿರುವುದು, ಕಾರಿನ ಹಿಂದೆ ನಿಂತು ಭಜನೆ ಮಾಡುವುದು ಎರಡೂ ಬೇಡ. ತ್ರಿಕೋನದ ಬದಲು ಕಲ್ಲು, ಮರದ ಕೊಂಬೆ ಇಡುವ ಅಭ್ಯಾಸ ನಮ್ಮ ರಸ್ತೆಗಳಲ್ಲಿದೆ. ಅನಿವಾರ್ಯವಾಗಿ ಇಟ್ಟರೂ ಹೊರಡುವಾಗ ತೆಗೆದುಹಾಕಿ. ನಾವು ಬಿಟ್ಟುಹೋದ ಕಲ್ಲಿಗೆ ಮುಂದೆ ಬರುವ ಬೈಕಿನವರು ಬೀಳುತ್ತಾರೆ.

ಬರಿಗಾಲಿನ ವಿಷಯ ಚಿಕ್ಕದು. ಹಗಲಲ್ಲಿ ಡಾಂಬರು ಸುಡುತ್ತದೆ, ರಾತ್ರಿ ಗಾಜಿನ ಚೂರು ಕಾಣುವುದಿಲ್ಲ. ಕಾರಿನ ರಬ್ಬರ್ ಮ್ಯಾಟನ್ನೇ ತೆಗೆದು ಚಕ್ರದ ಪಕ್ಕ ಹಾಸಿಕೊಂಡು ಅದರ ಮೇಲೆ ನಿಂತು ಕೆಲಸ ಮಾಡಿ. ಬಿಗಿಯಾದ ನಟ್ ಸಡಿಲಿಸಲು ಪಾನಾದ ಮೇಲೆ ಬರಿಗಾಲಿಂದ ಹತ್ತಿ ತುಳಿಯಬೇಡಿ, ಜಾರಿದರೆ ಪಾದ ಸೀಳುತ್ತದೆ. ಅದಕ್ಕೆ ಉದ್ದ ಹಿಡಿಯ ಪಾನಾ ಅಥವಾ ಪಾನಾದ ಹಿಡಿಗೆ ತೂರಿಸುವ ಒಂದು ಅಡಿ ಕಬ್ಬಿಣದ ಪೈಪು ಇಟ್ಟುಕೊಂಡರೆ ಕೈಯಿಂದಲೇ ಆಗುತ್ತದೆ. ದಪ್ಪ ಕೈಗವಸು ಒಂದು ಜೊತೆ. ಬಾನೆಟ್ ತೆರೆಯುವ ಮುಂಚೆ ಶಲ್ಯ ತೆಗೆದಿಡಿ, ಮಾಲೆಯನ್ನು ಅಂಗಿಯೊಳಗೆ ಸೇರಿಸಿ, ಪಂಚೆ ಎತ್ತಿ ಕಟ್ಟಿ. ಎಂಜಿನ್ ಆಫ್ ಆದಮೇಲೂ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗುತ್ತದೆ.

ಈಗ ಸ್ಟೆಪ್ನಿ. ಹೆಚ್ಚಿನ ಕಾರುಗಳಲ್ಲಿ ಅದು ಡಿಕ್ಕಿಯ ತಳದಲ್ಲಿ, ಅಂದರೆ ನಮ್ಮ ಹಾಸಿಗೆ, ಪಾತ್ರೆ, ಬ್ಯಾಗುಗಳ ಅಡಿಯಲ್ಲಿ ಇರುತ್ತದೆ. ಇರುಮುಡಿಯನ್ನೂ ಅಲ್ಲೇ ಇಟ್ಟಿದ್ದರೆ ನಡುರಾತ್ರಿ ಅದನ್ನು ತೆಗೆದು ಎಲ್ಲಿಡುವುದು? ನಮ್ಮ ಗುಂಪಿನಲ್ಲಿ ಇರುಮುಡಿಗಳು ಒಳಗೆ, ಶುಭ್ರ ಬಟ್ಟೆ ಹಾಸಿದ ಜಾಗದಲ್ಲಿ, ಒಬ್ಬ ಸ್ವಾಮಿಯ ಉಸ್ತುವಾರಿಯಲ್ಲಿ ಇರುತ್ತವೆ. ಡಿಕ್ಕಿಯಲ್ಲಿ ರಸ್ತೆ ಬದಿಗೆ ಇಳಿಸಬಹುದಾದ ಸಾಮಾನು ಮಾತ್ರ. ಜೊತೆಗೆ ಒಂದು ಟಾರ್ಪಾಲಿನ್ ತುಂಡು, ಸಾಮಾನು ಇಳಿಸಿಡಲಿಕ್ಕೆ.

ಹೊರಡುವ ಮುಂಚಿನ ಭಾನುವಾರ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಾವು ಒಂದು ಚಕ್ರ ಬಿಚ್ಚಿ ಹಾಕುತ್ತೇವೆ, ಅದೂ ಸಾಮಾನು ತುಂಬಿದ ಮೇಲೆ. ಬ್ಯಾಕಪ್ ಇದೆ ಅನ್ನುವುದು ಬೇರೆ, ಅದರಿಂದ ಫೈಲು ವಾಪಸ್ ಬರುತ್ತದಾ ಅಂತ ನೋಡಿರುವುದು ಬೇರೆ. ನಮ್ಮ ಕೆಲಸದಲ್ಲಿ ಇದನ್ನು ದಿನಾ ಹೇಳುತ್ತೇವೆ. ಚಕ್ರ ಬಿಚ್ಚಿದಾಗಲೇ ಗೊತ್ತಾಗುವ ಸಂಗತಿಗಳಿವೆ. ಅಲಾಯ್ ಚಕ್ರಕ್ಕೆ ಕಳ್ಳತನ ತಡೆಯುವ ಲಾಕ್ ನಟ್ ಇದ್ದರೆ ಅದರ ಚಿಕ್ಕ ಕೀಲಿ ಕಾರಿನಲ್ಲಿದೆಯಾ? ಸ್ಟೆಪ್ನಿಯಲ್ಲಿ ಗಾಳಿ ಇದೆಯಾ? ಕಾರಿಗೆ ಸ್ಟೆಪ್ನಿಯೇ ಇದೆಯಾ? ಟೈರಿನ ಗಾಳಿ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಕೊಟ್ಟರೆ ಟ್ಯೂಬ್‌ಲೆಸ್ ಟೈರಿನ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಅಂತ 2020ರಲ್ಲಿ ನಿಯಮ ತಿದ್ದುಪಡಿಯಾಗಿದೆ. ಗೆಳೆಯರಿಂದ ಕಾರು ತೆಗೆದುಕೊಂಡು ಹೋಗುವವರು ಡಿಕ್ಕಿಯ ತಳ ಎತ್ತಿ ನೋಡಲೇಬೇಕು.

ಚಕ್ರ ಬದಲಿಸುವ ಕ್ರಮ ಬಹಳ ಜನರಿಗೆ ಗೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. ಗಟ್ಟಿಯಾದ ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಎದುರು ಮೂಲೆಯ ಚಕ್ರಕ್ಕೆ ಮರದ ಬೆಣೆ. ಚಕ್ರ ನೆಲದಲ್ಲಿ ಇರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಎತ್ತಿ. ಬಿಗಿಸುವಾಗ ಒಂದು ನಟ್ ಆದಮೇಲೆ ಅದರ ಎದುರಿನದು. ಸ್ವಲ್ಪ ದೂರ ಓಡಿದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿ ನೋಡಿ. ಸ್ಟೆಪ್ನಿ ಬೇರೆ ಅಳತೆಯದಾಗಿದ್ದರೆ ಅದರ ಮೇಲೆ ವೇಗದ ಮಿತಿಯ ಸ್ಟಿಕ್ಕರ್ ಇರುತ್ತದೆ. ನಿಧಾನವಾಗಿ ಗಾಳಿ ಇಳಿಯುತ್ತಿದ್ದು ಮೊಳೆ ಕಾಣುತ್ತಿದ್ದರೆ ಕೀಳಬೇಡಿ. ಮೊಳೆಯೇ ಬಿರಡೆಯಾಗಿರುತ್ತದೆ. ಗಾಳಿ ತುಂಬಿಸಿಕೊಂಡು ಮುಂದಿನ ಪಂಕ್ಚರ್ ಅಂಗಡಿಯವರೆಗೆ ಹೋಗಿ. ಅದಕ್ಕಾಗಿಯೇ 12 ವೋಲ್ಟ್‌ನ ಸಣ್ಣ ಗಾಳಿ ಪಂಪು ಬೇಕು, ಎಂಜಿನ್ ಓಡುತ್ತಿರುವಾಗ ಬಳಸಬೇಕು. ಐದು ಜನ ಮತ್ತು ಸಾಮಾನು ಇದ್ದರೆ ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಬೇರೆಯಾಗಿಯೇ ಬರೆದಿರುತ್ತಾರೆ.

ಬ್ಯಾಟರಿ ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದವಾದರೆ ಕ್ಷಮಿಸಿ. 2018ರ ಪ್ರವಾಹದ ನಂತರ ನಿಲಕ್ಕಲ್ಲೇ ವಾಹನಗಳ ಮುಖ್ಯ ನಿಲ್ದಾಣ. ಅಲ್ಲಿ ಕಾರು ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಪಂಪೆಗೆ ಹೋಗುತ್ತೇವೆ. ಕ್ಯೂ ಉದ್ದವಿದ್ದರೆ ವಾಪಸ್ ಬರುವಾಗ 30 ಗಂಟೆ ಆಗಿದ್ದರೂ ಆಶ್ಚರ್ಯವಿಲ್ಲ. ಈಗ ನಮ್ಮ ಡ್ಯಾಶ್‌ಬೋರ್ಡ್ ನೋಡಿ: ಸ್ವಾಮಿಯ ಫೋಟೋ, ಸುತ್ತ ಮಿನುಗುವ ಎಲ್‌ಇಡಿ ಸರ, ಪಕ್ಕದಲ್ಲಿ ಕ್ಯಾಮೆರಾ. ಅಲಂಕಾರ ಮಾಡುವವರು ಕೆಲವೊಮ್ಮೆ ಈ ವೈರನ್ನು ನೇರ ಬ್ಯಾಟರಿಗೆ ಕೊಟ್ಟಿರುತ್ತಾರೆ, ಕೀಲಿ ತೆಗೆದರೂ ಉರಿಯುತ್ತಲೇ ಇರುತ್ತದೆ. ಎಲ್ಲ ಸೇರಿ ಅರ್ಧ ಆಂಪಿಯರ್ ಎಳೆದರೂ 30 ಗಂಟೆಗೆ 15 ಆಂಪಿಯರ್-ಅವರ್. ಚಿಕ್ಕ ಕಾರಿನ ಬ್ಯಾಟರಿ ಹೊಸದಿದ್ದಾಗ 35ರ ಆಸುಪಾಸು, ಮೂರು ನಾಲ್ಕು ವರ್ಷ ಹಳೆಯದಾದರೆ ಅಷ್ಟೂ ಇರುವುದಿಲ್ಲ. ದರ್ಶನ ಮುಗಿಸಿ, ಮೈ ಸೋತು ಬಂದು ಕೀಲಿ ತಿರುಗಿಸಿದರೆ ‘ಟಿಕ್’ ಅನ್ನುತ್ತದೆ, ಅಷ್ಟೇ.

ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಗುವ ಚಿಕ್ಕ ಮಲ್ಟಿಮೀಟರ್ ನನ್ನ ಚೀಲದಲ್ಲಿ ಸದಾ ಇರುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ಕ್ಕಿಂತ ಕಡಿಮೆ ಇದ್ದರೆ ಹೊರಡುವ ಮೊದಲೇ ಅಂಗಡಿಗೆ ತೋರಿಸಿ. ಎಂಜಿನ್ ಓಡುವಾಗ 13.5ರಿಂದ 14.5ರ ನಡುವೆ ಇದ್ದರೆ ಚಾರ್ಜ್ ಆಗುತ್ತಿದೆ ಅಂತ. ಮೀಟರ್ ಬೇಡ ಅನ್ನುವವರು ಜಂಪರ್ ಕೇಬಲನ್ನಂತೂ ಬಿಡಬೇಡಿ. ಎರಡೂವರೆ ಮೀಟರಿಗಿಂತ ಗಿಡ್ಡವಿರಬಾರದು, ತಂತಿ ತೆಳ್ಳಗಿರಬಾರದು. ಹೊರಗೆ ದಪ್ಪ ರಬ್ಬರ್, ಒಳಗೆ ಕೂದಲೆಳೆಯಂಥ ತಂತಿ ಇರುವ ಮಾಲು ಬಹಳ ಬರುತ್ತದೆ, ನೋಡಿ ಕೊಳ್ಳಿ.

ಜೋಡಿಸುವ ಕ್ರಮ ಬಾಯಿಪಾಠವಿರಲಿ. ಎರಡೂ ಕಾರು ಆಫ್. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಮಾತ್ರ ಸತ್ತ ಬ್ಯಾಟರಿಗೆ ಅಲ್ಲ, ಆ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಹತ್ತಿರ ಹೈಡ್ರೋಜನ್ ಇರಬಹುದು, ಅದಕ್ಕೆ ಈ ದೂರ. ಒಳ್ಳೆಯ ಕಾರನ್ನು ಮೊದಲು ಚಾಲೂ ಮಾಡಿ, ಎರಡು ಮೂರು ನಿಮಿಷ ಬಿಟ್ಟು ನಮ್ಮದನ್ನು. ಬಿಚ್ಚುವುದು ಸರಿಯಾಗಿ ಉಲ್ಟಾ ಕ್ರಮದಲ್ಲಿ.

ಫ್ಯೂಸು ಒಂದು ಸಣ್ಣ ಡಬ್ಬಿ ಇರಲಿ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಮೊಬೈಲ್ ಚಾರ್ಜ್ ಆಗುವ ಸಾಕೆಟ್ ಸತ್ತಿದ್ದರೆ ಹೆಚ್ಚಿನ ಸಲ ಅಲ್ಲಿನ ಫ್ಯೂಸೇ ಹೋಗಿರುತ್ತದೆ. ಹೋದ ಬಣ್ಣದ ಜಾಗಕ್ಕೆ ಅದೇ ಬಣ್ಣ ಹಾಕಬೇಕು. ದೊಡ್ಡದು ಹಾಕುವುದು, ಬೆಳ್ಳಿ ಹಾಳೆ ಸುತ್ತುವುದು ಮಾಡಿದರೆ ಮುಂದಿನ ಸಲ ಸುಡುವುದು ವೈರು.

ಬೆಂಕಿಯ ಮಾತು ಬಂತು. ನಮ್ಮ ಕಾರಿನಲ್ಲಿ ಕರ್ಪೂರ, ತುಪ್ಪ, ಊದುಬತ್ತಿ ಎಲ್ಲ ಇರುತ್ತದೆ. ಕರ್ಪೂರ ಮುಚ್ಚಳದ ಡಬ್ಬಿಯಲ್ಲಿ, ಚಾರ್ಜರ್ ವೈರುಗಳಿಂದ ದೂರ ಇರಲಿ. ಓಡುವ ಕಾರಿನೊಳಗೆ ಆರತಿಯೂ ಬೇಡ, ಊದುಬತ್ತಿಯೂ ಬೇಡ. ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯುವುದು, ಅಡುಗೆಗೆ ಗ್ಯಾಸ್ ಸಿಲಿಂಡರ್ ಡಿಕ್ಕಿಯಲ್ಲಿ ತುಂಬುವುದು ಸುತರಾಂ ಬೇಡ. ಒಂದು ಕಿಲೋದ ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಡ್ರೈವರ್ ಕೈಗೆ ಸಿಗುವಲ್ಲಿ ಇರಲಿ, ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಬಾನೆಟ್ ಸಂದಿಯಲ್ಲಿ ಹೊಗೆ ಕಂಡರೆ ಮೊದಲು ಎಲ್ಲರೂ ಇಳಿಯಬೇಕು. ಬಾನೆಟ್ ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಉರಿ ಜಾಸ್ತಿಯಾಗುತ್ತದೆ. ಮುಂಭಾಗದ ಹೂಮಾಲೆ ಚೆನ್ನಾಗಿ ಕಾಣುತ್ತದೆ, ಆದರೆ ರೇಡಿಯೇಟರ್ ಜಾಲರಿ, ಹೆಡ್‌ಲೈಟ್, ನಂಬರ್ ಪ್ಲೇಟ್ ಮುಚ್ಚುವಷ್ಟು ಬೇಡ.

ಘಾಟಿಗೆ ಎರಡು ಮರದ ಬೆಣೆ, ಎರಡು ಲೀಟರ್ ನೀರು. ಕುಟ್ಟಿಕ್ಕಾನಂನಿಂದ ಮುಂಡಕ್ಕಯಂಗೆ ಇಳಿಯುವಾಗ, ಆಮೇಲೆ ಎರುಮೇಲಿ ದಾಟಿ ಕಣಮಲೆಯ ಇಳಿಜಾರಿನಲ್ಲಿ ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಅದಕ್ಕೆ ಯಾವ ಟೂಲೂ ಇಲ್ಲ. ಎರಡನೇ ಗೇರ್‌ನಲ್ಲಿ ಇಳಿಯುವುದೊಂದೇ ದಾರಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಬೆಣೆ ಕೊಟ್ಟು ಅರ್ಧ ಗಂಟೆ ಆರಲು ಬಿಡಿ. ಕಾದ ಚಕ್ರದ ಮೇಲೆ ನೀರು ಸುರಿಯಬೇಡಿ. ಕಾದ ರೇಡಿಯೇಟರ್ ಮುಚ್ಚಳವನ್ನೂ ತೆಗೆಯಬೇಡಿ. ಯಾತ್ರೆಯ ಕಾಲದಲ್ಲಿ ಕೇರಳ ಮೋಟಾರು ವಾಹನ ಇಲಾಖೆಯವರು ‘ಸೇಫ್ ಝೋನ್’ ಹೆಸರಿನಲ್ಲಿ ಈ ರಸ್ತೆಗಳಲ್ಲಿ ಗಸ್ತು ಇಡುತ್ತಾರೆ, ಕೆಟ್ಟು ನಿಂತ ಗಾಡಿಗೂ ನೆರವಾಗುತ್ತಾರೆ. ಆ ವರ್ಷದ ನಂಬರನ್ನು ಕುಮಳಿ ದಾಟುವ ಮೊದಲೇ ಬರೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಎಲ್ಲ ತುರ್ತಿಗೂ 112. ಕಾಡಿನ ಭಾಗದಲ್ಲಿ ಸಿಗ್ನಲ್ ಹೋಗುತ್ತದೆ, ಆದ್ದರಿಂದ ನಂಬರ್‌ಗಳು, ಇನ್ಶೂರೆನ್ಸ್, ಆರ್‌ಸಿ ಎಲ್ಲದರ ಕಾಗದದ ಪ್ರತಿ ಇರಲಿ.

ಇದರ ಜೊತೆಗೆ ತಲೆಗೆ ಕಟ್ಟುವ ಟಾರ್ಚ್, ಒಂದು ಸ್ಕ್ರೂಡ್ರೈವರ್, ಇಕ್ಕಳ, ಇನ್ಸುಲೇಷನ್ ಟೇಪ್, ಪ್ಲಾಸ್ಟಿಕ್ ಜಿಪ್ ಟೈ ಒಂದು ಹಿಡಿ, ಪಂಕ್ಚರ್ ಪಟ್ಟಿ ಮತ್ತು ಸೂಜಿ, ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ, ಗುಂಪಿನವರ ಸ್ವಂತ ಮಾತ್ರೆಗಳು. ಜಾಕೆಟ್, ಬೆಂಕಿ ಸಿಲಿಂಡರ್, ನೀರು, ಬೆಣೆ ಬಿಟ್ಟು ಉಳಿದದ್ದೆಲ್ಲ ಆಫೀಸಿನ ಒಂದು ಹಳೆಯ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಿಡಿಸಿದೆ. ಅದು ಮುಂದಿನ ಸೀಟಿನ ಕೆಳಗೆ ಇರುತ್ತದೆ, ಬೇರೆ ಯಾವ ಸಾಮಾನೂ ಅದರ ಮೇಲೆ ಬರುವಂತಿಲ್ಲ.

ನಿಲಕ್ಕಲ್‌ನಲ್ಲಿ ಇಳಿದಾಗ ಮಾಡಬೇಕಾದದ್ದು: ಎಲ್‌ಇಡಿ ಸರದ ಮತ್ತು ಕ್ಯಾಮೆರಾದ ಪ್ಲಗ್ ಕೀಳಿ, ಒಳಗಿನ ದೀಪ ನೋಡಿ, ಗೇರ್ ಹಾಕಿ ಬೆಣೆ ಕೊಡಿ, ಪಾರ್ಕಿಂಗ್ ಸಾಲಿನ ಗುರುತು ಕಾಣುವಂತೆ ಕಾರಿನ ಫೋಟೋ ತೆಗೆದು ಗುಂಪಿನ ಎಲ್ಲರಿಗೂ ಕಳಿಸಿ. ಕೀಲಿ ಯಾರ ಹತ್ತಿರ ಇದೆ ಅನ್ನುವುದು ಇಬ್ಬರಿಗಾದರೂ ಗೊತ್ತಿರಲಿ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೆ ಯಾವ ಮಾಡೆಲ್ ಅಂತ ಕೆಳಗೆ ಬರೆಯಿರಿ ಸ್ವಾಮಿ, ಪಂಕ್ಚರ್ ಪಟ್ಟಿ ಹಾಕುವುದನ್ನು ಭಾನುವಾರ ಪಾರ್ಕಿಂಗ್‌ನಲ್ಲಿ ಹಳೆಯ ಟೈರಿನ ಮೇಲೆ ಮಾಡಿ ತೋರಿಸುತ್ತೇನೆ.

ಸ್ವಾಮಿ ಶರಣಂ.